577101, 573201: ಎರಡು ಪಿನ್‌ಕೋಡ್ ಬಿಡಿಸುವ ಬಗೆ

ಚಿಕ್ಕಮಗಳೂರು ಪ್ರಧಾನ ಅಂಚೆ ಕಚೇರಿಯ ಪಿನ್‌ಕೋಡ್ 577101, ಹಾಸನದ್ದು 573201. ಆರಂಕಿ ಸಂಖ್ಯೆಯನ್ನು ಅವಿಭಾಜ್ಯಗಳ (1 ಮತ್ತು ತನ್ನಿಂದ ಮಾತ್ರ ಭಾಗ ಹೋಗುವ ಸಂಖ್ಯೆಗಳ) ಗುಣಲಬ್ಧವಾಗಿ ಕೈಲೆಕ್ಕದಲ್ಲಿ ಬಿಡಿಸಿ ಕಲಿಯಲು ಇವೆರಡೂ ಬಲು ಚೆನ್ನಾಗಿವೆ.

ನಾನು ಮೊದಲು ಅಂಕಿ ಕೂಡುತ್ತೇನೆ. 577101ರಲ್ಲಿ ಮೊತ್ತ 21. 3ರಿಂದ ಭಾಗ ಹೋಗುತ್ತದೆ, 9ರಿಂದ ಹೋಗುವುದಿಲ್ಲ. ಆಮೇಲೆ ಎಡಗಡೆಯ ಮೂರಂಕಿಯಲ್ಲಿ ಬಲಗಡೆಯ ಮೂರಂಕಿ ಕಳೆಯುತ್ತೇನೆ: 577 − 101 = 476. 7×11×13 = 1001, ನಮ್ಮ ಸಂಖ್ಯೆ 577×1001 − 476. ಹಾಗಾಗಿ 476 ಒಂದನ್ನು ನೋಡಿದರೆ ಮೂರು ಅವಿಭಾಜ್ಯಗಳ ಪರೀಕ್ಷೆ ಒಟ್ಟಿಗೇ ಮುಗಿಯಿತು. 476 = 7×68; 11, 13 ಇಲ್ಲ. 3, 7 ತೆಗೆದರೆ ಉಳಿಯುವುದು 27481.

ಮೂಲ ಸಂಖ್ಯೆಯ ವರ್ಗಮೂಲ ಹಿಡಿದು 759ರವರೆಗೆ ಭಾಗಿಸುತ್ತಾ ಕೂರಬೇಕಿಲ್ಲ. ಉಳಿದಿದ್ದಕ್ಕೆ ಹೊಸದಾಗಿ ವರ್ಗಮೂಲ ತೆಗೆಯಿರಿ: 165 ಚಿಲ್ಲರೆ. 7 ಇನ್ನೊಮ್ಮೆ ಹೋಗುತ್ತದೆಯೇ ನೋಡಿ (ಶೇಷ 6), ನಂತರ 17ರಿಂದ 163ರವರೆಗಿನ 32 ಅವಿಭಾಜ್ಯಗಳು. ಯಾವುದರಿಂದಲೂ ಹೋಗದು, 27481 ಅವಿಭಾಜ್ಯ. ಎಡವುವ ಜಾಗ 151. 151×182 = 27482, ಒಂದೇ ಒಂದು ಹೆಚ್ಚು. ಎಕ್ಸೆಲ್‌ನಲ್ಲಿ ದಶಮಾಂಶ ಕಾಣದಂತೆ ಇಟ್ಟಿದ್ದರೆ ಉತ್ತರ 182 ಎಂದೇ ತೋರುತ್ತದೆ. ಭಾಗಲಬ್ಧ ನಂಬಬೇಡಿ, ಶೇಷ ನೋಡಿ.

ಹಾಸನದ ಅಂಕಿಗಳ ಮೊತ್ತ 18. 9 ತೆಗೆದರೆ 63689. 252ರವರೆಗೆ ನೋಡಿದರೆ ಅದೂ ಅವಿಭಾಜ್ಯ.

ನನಗೆ ಇದಕ್ಕಿಂತ ಇಷ್ಟವಾದ ಪ್ರಶ್ನೆ: ಇವನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದೇ? ಯಾವುದೇ ವರ್ಗವನ್ನು 3ರಿಂದ ಭಾಗಿಸಿದರೆ ಶೇಷ 0 ಇಲ್ಲವೇ 1. ಎರಡು ವರ್ಗಗಳ ಮೊತ್ತಕ್ಕೆ 3ರ ಭಾಗ ಹೋಗಬೇಕಾದರೆ ಎರಡರ ಶೇಷವೂ 0 ಆಗಲೇಬೇಕು, ಆಗ 9ರ ಭಾಗವೂ ಹೋಗುತ್ತದೆ. ಚಿಕ್ಕಮಗಳೂರಿನದು ಆಗದೆಂದು ಮೊತ್ತ 21 ಬಂದಾಗಲೇ ತೀರ್ಮಾನವಾಯಿತು. ಅದರೊಳಗಿನ 27481 ಮಾತ್ರ ಆಗುತ್ತದೆ: 165² + 16².

ಹಾಸನಕ್ಕೆ ಅಡ್ಡಿಯಿಲ್ಲ. 63689ನ್ನು 4ರಿಂದ ಭಾಗಿಸಿದರೆ ಶೇಷ 1. ಅಂಥ ಅವಿಭಾಜ್ಯಕ್ಕೆ ವರ್ಗಗಳ ಜೋಡಿ ಒಂದು ಇದ್ದೇ ಇರುತ್ತದೆ, ಒಂದೇ ಇರುತ್ತದೆ. ಗಣಿತಜ್ಞ ಫರ್ಮಾ 1640ರಲ್ಲಿ ಹೇಳಿದ್ದನ್ನು ಮುಂದೆ ಇನ್ನೊಬ್ಬ ಗಣಿತಜ್ಞ ಆಯ್ಲರ್ ಸಾಧಿಸಿ ತೋರಿಸಿದ. ಹುಡುಕುವುದಕ್ಕೆ ಕೊನೆಯಂಕಿ ಸಾಕು. 9 ಬರಬೇಕಾದರೆ ವರ್ಗಗಳ ಕೊನೆಯಂಕಿಗಳು 0 ಮತ್ತು 9, ಇಲ್ಲವೇ 4 ಮತ್ತು 5. ಎರಡರಲ್ಲೂ ಒಂದು ಸಂಖ್ಯೆ 5ರ ಅಪವರ್ತ್ಯ. 250ರಿಂದ ಐದೈದೇ ಇಳಿಯುತ್ತಾ ಅದರ ವರ್ಗವನ್ನು 63689ರಲ್ಲಿ ಕಳೆಯಿರಿ, ಉಳಿಯುವುದೂ ವರ್ಗವೇ ನೋಡಿ: 250, 245 ಆಗದು, 240ಕ್ಕೆ ಉಳಿಯುವ 6089 ಕೂಡ 78²ಕ್ಕಿಂತ 5 ಹೆಚ್ಚು, 235ಕ್ಕೆ ಉಳಿಯುವುದು 8464, ಅಂದರೆ 92². ಮೊದಲು ತೆಗೆದ 9 ಅಂದರೆ 3², ಹಾಗಾಗಿ 235, 92 ಎರಡನ್ನೂ 3ರಿಂದ ಗುಣಿಸಿದರೆ 705² + 276² = 497025 + 76176 = 573201.