ಬೆಂಕಿ ತಡೆಯುವ ಪ್ಲೈವುಡ್‌ನ ಬಲ ಅಳೆಯುವುದು ಹೇಗೆ?

1980ರ ದಶಕದಲ್ಲಿ ಅಮೆರಿಕದ ಪೂರ್ವ ಭಾಗದ ಸಾಲುಮನೆಗಳಲ್ಲಿ, ಒಂದು ಮನೆಯ ಬೆಂಕಿ ಪಕ್ಕದ ಮನೆಗೆ ದಾಟಬಾರದೆಂದು, ಚಾವಣಿಗೆ ಅಗ್ನಿನಿರೋಧಕ ಲವಣ ಹೀರಿಸಿದ ಪ್ಲೈವುಡ್ ಹೊದಿಸಿದ್ದರು. ಬೆಂಕಿಯನ್ನೇ ಕಾಣದ ಆ ಹಲಗೆಗಳಲ್ಲಿ ಹಲವು ಕೆಲವೇ ವರ್ಷಗಳಲ್ಲಿ ಕಪ್ಪಾಗಿ, ಪುಡಿಯಾಗುವಷ್ಟು ಬಲ ಕಳೆದುಕೊಂಡವು. ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿರುವ ಅರಣ್ಯ ಉತ್ಪನ್ನ ಪ್ರಯೋಗಾಲಯವು ಇದರ ಕಾರಣವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿತು.

ಅಮೋನಿಯಂ ಫಾಸ್ಫೇಟ್‌ನಂಥ ಲವಣವು ಶಾಖಕ್ಕೆ ಒಡೆದು ಆಮ್ಲವನ್ನು ಬಿಡುತ್ತದೆ. ಆ ಆಮ್ಲದಿಂದಾಗಿ ಮರವು ಉರಿಯುವ ಅನಿಲವಾಗುವ ಬದಲು ಹೆಚ್ಚಾಗಿ ಇದ್ದಿಲಾಗುತ್ತದೆ. ಆದರೆ ಬೇಸಿಗೆಯ ಚಾವಣಿಯಡಿಯ ಬಿಸಿ ಮತ್ತು ತೇವ ಸೇರಿದಾಗ ಇದೇ ಆಮ್ಲವು ಮರದ ನಾರುಗಳನ್ನು ಹಿಡಿದಿಡುವ ಹೆಮಿಸೆಲ್ಯುಲೋಸ್ ಎಂಬ ವಸ್ತುವಿನ ಅಣುಸರಪಳಿಯನ್ನು ನಿಧಾನವಾಗಿ ಕಡಿಯುತ್ತದೆ. ಆದ್ದರಿಂದ ಬಲವನ್ನು ಎರಡು ಸಲ ಅಳೆಯಲೇಬೇಕು: ಲವಣ ಹೀರಿಸಿದ ಕೂಡಲೇ ಒಮ್ಮೆ, ದೀರ್ಘಕಾಲ ಬಿಸಿಯಲ್ಲಿಟ್ಟ ಮೇಲೆ ಇನ್ನೊಮ್ಮೆ.

ಮೊದಲು, 12 ಮಿ.ಮೀ. ದಪ್ಪದ ಒಂದೇ ಹಲಗೆಯಿಂದ 50 ಮಿ.ಮೀ. ಅಗಲ, 290 ಮಿ.ಮೀ. ಉದ್ದದ ಪಟ್ಟಿಗಳನ್ನು ಮೇಲ್ಪದರದ ಎಳೆಯ ಗುಂಟ ಕತ್ತರಿಸಿ, ಒಂದು ಬಿಟ್ಟು ಒಂದರಂತೆ ಲವಣಕ್ಕೆ ಆರಿಸಿಕೊಳ್ಳಬೇಕು. ಬೇರೆ ಬೇರೆ ಹಲಗೆಗಳಿಂದ ತೆಗೆದರೆ ಮರದ ಸಹಜ ವ್ಯತ್ಯಾಸವನ್ನೇ ಲವಣದ ಪರಿಣಾಮವೆಂದು ತಪ್ಪಾಗಿ ತಿಳಿಯುವ ಅಪಾಯವಿದೆ.

ಲವಣ ಹೀರಿಸುವ ಮುನ್ನ ಮತ್ತು ನಂತರ ತೂಕ ಬರೆದಿಟ್ಟುಕೊಳ್ಳಬೇಕು. ಒಣಗಿಸುವಾಗ ಅವಸರ ಬೇಡ, ಏಕೆಂದರೆ ಒದ್ದೆ ಮರವನ್ನು 70 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾಯಿಸಿದರೆ ಬಲ ಅಲ್ಲಿಯೇ ಕುಂದಬಹುದು. ಬಳಿಕ ಎಲ್ಲ ಪಟ್ಟಿಗಳನ್ನೂ ತೂಕ ಸ್ಥಿರವಾಗುವವರೆಗೆ ಒಂದೇ ಕೋಣೆಯಲ್ಲಿಡಬೇಕು. ಲವಣವು ಗಾಳಿಯ ತೇವವನ್ನು ಎಳೆದುಕೊಳ್ಳುವುದರಿಂದ ತೇವಾಂಶವನ್ನೂ ದಾಖಲಿಸುವುದು ಅಗತ್ಯ.

ಈಗ ಪಟ್ಟಿಯನ್ನು 240 ಮಿ.ಮೀ. ಅಂತರದ ಎರಡು ಆಧಾರಗಳ ಮೇಲಿಟ್ಟು, ನಡುವೆ ಭಾರ ಹೇರಿ ಮುರಿಯಬೇಕು. ಈ ಅಳತೆಗಳಲ್ಲಿ ಲೆಕ್ಕ ಬಹಳ ಸುಲಭ: ಮುರಿದ ಭಾರವನ್ನು ನ್ಯೂಟನ್‌ನಲ್ಲಿ ಬರೆದು 20ರಿಂದ ಭಾಗಿಸಿದರೆ ಬಾಗುಬಲ, ಅಂದರೆ ಬಾಗಿಸಿದಾಗ ಮುರಿಯುವ ಮುನ್ನ ಹಲಗೆ ತಾಳುವ ಬಲ, ಪ್ರತಿ ಚದರ ಮಿ.ಮೀ.ಗೆ ಎಷ್ಟು ನ್ಯೂಟನ್ ಎಂದು ಸಿಗುತ್ತದೆ. ಸಾದಾ ಪಟ್ಟಿ 900 ನ್ಯೂಟನ್‌ಗೆ, ಲವಣದ ಪಟ್ಟಿ 765ಕ್ಕೆ ಮುರಿಯಿತು ಎಂದಿಟ್ಟುಕೊಂಡರೆ, ಬಲ 45ರಿಂದ 38.25ಕ್ಕೆ, ಅಂದರೆ ಶೇ 15ರಷ್ಟು ಇಳಿದಂತಾಯಿತು.

ನಿಜವಾದ ಪರೀಕ್ಷೆ ಇರುವುದು ಮುಂದಿನ ಹಂತದಲ್ಲಿ. ಉಳಿದ ಎರಡೂ ಬಗೆಯ ಪಟ್ಟಿಗಳನ್ನು 77 ಡಿಗ್ರಿ ಬಿಸಿ, ಶೇ 50ಕ್ಕೂ ಮೇಲ್ಪಟ್ಟ ಆರ್ದ್ರತೆಯ ಪೆಟ್ಟಿಗೆಯಲ್ಲಿಟ್ಟು, ಸುಮಾರು ಎರಡು ತಿಂಗಳ ಅವಧಿಯಲ್ಲಿ ಕಂತುಕಂತಾಗಿ ತೆಗೆದು ಮುರಿಯಬೇಕು. ಅಮೆರಿಕದ ಮಾನದಂಡ ಸಂಸ್ಥೆ ಎಎಸ್‌ಟಿಎಂನ ಡಿ 5516 ಮಾನದಂಡದ ವಿಧಾನ ಇದೇ ಬಗೆಯದು. ಮೊದಲ ದಿನದ ನಷ್ಟಕ್ಕಿಂತ, ದಿನ ಕಳೆದಂತೆ ಬಲ ಎಷ್ಟು ವೇಗವಾಗಿ ಕುಸಿಯುತ್ತದೆ ಎಂಬುದನ್ನೇ ನಾನು ಮುಖ್ಯವೆಂದು ಭಾವಿಸುತ್ತೇನೆ. ಬೋರೇಟ್ ಎಂಬ ಬೋರಾನ್ ಲವಣವನ್ನು ಬೆರೆಸಿ ಆಮ್ಲೀಯತೆಯನ್ನು ತಗ್ಗಿಸಿದ ಮಿಶ್ರಣಗಳಲ್ಲಿ ಈ ಕುಸಿತ ನಿಧಾನವಾಗುತ್ತದೆ.

ಮರದ ಚೂರು, ನಾರುಗಳನ್ನು ಅಂಟಿನಿಂದ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಮತ್ತು ಎಂಡಿಎಫ್‌ಗಳಲ್ಲಿ ಅಂಟಿನ ಹಿಡಿತವನ್ನೂ ಪ್ರತ್ಯೇಕವಾಗಿ ನೋಡಬೇಕು. ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು ಗಟ್ಟಿಯಾಗಲು ಆಮ್ಲೀಯತೆ ಬೇಕಿರುವುದರಿಂದ, ಬೆಂಕಿ ತಡೆಯಲು ಬೆರೆಸುವ ಕ್ಷಾರೀಯವಾದ ಬೋರಾಕ್ಸ್ (ಒಂದು ಬೋರೇಟ್) ಅದನ್ನು ತಡಮಾಡುತ್ತದೆ. ಹಾಗಾಗಿ ಹಲಗೆಯ ಎರಡೂ ಮುಖಗಳಿಗೆ ಲೋಹದ ಬಿಲ್ಲೆ ಅಂಟಿಸಿ, ಲಂಬವಾಗಿ ಎಳೆದು, ಒಳಪದರ ಎಷ್ಟು ಬಲಕ್ಕೆ ಬಿಡುತ್ತದೆ ಎಂದು ಅಳೆಯಬೇಕು.

ನಮ್ಮಲ್ಲಿ ಅಗ್ನಿನಿರೋಧಕ ಪ್ಲೈವುಡ್‌ಗೆ ಇರುವ ಮಾನದಂಡ ಐಎಸ್ 5509. ಆ ಗುರುತು ನೋಡಿ ಕೊಂಡ ಹಲಗೆಯನ್ನು ಕಲಬುರಗಿ, ರಾಯಚೂರಿನಂಥ ಬಿಸಿಲೂರುಗಳಲ್ಲಿ ತಗಡಿನ ಚಾವಣಿಯ ಕೆಳಗೆ ಹೊಡೆಯುವವರು, ಬಿಸಿಯಲ್ಲಿಟ್ಟ ನಂತರದ ಬಾಗುಬಲದ ಅಂಕಿಗಳನ್ನು ತಯಾರಕರಿಂದ ಲಿಖಿತವಾಗಿ ಕೇಳಿ ಪಡೆಯಬೇಕು.