ಗ್ರಾನೈಟ್ ಕೆಸರನ್ನು ಟೈಲ್ಸ್‌ಗೆ ಹಾಕುವ ಮುಂಚೆ ಯಾವ ಮಷಿನ್‌ದು ಅಂತ ಕೇಳಿ

ಜಿಗಣಿ ಕಡೆಯ ಗ್ರಾನೈಟ್ ಫ್ಯಾಕ್ಟರಿ ನೋಡಿದವರಿಗೆ ಗೊತ್ತು, ಕಲ್ಲು ಕೊಯ್ದ ನೀರು ಹೋಗಿ ನಿಲ್ಲುವ ತೊಟ್ಟಿ ಒಂದಿರುತ್ತದೆ, ಅದರ ತಳದಲ್ಲಿ ಬೂದು ಕೆಸರು. ಒಣಗಿದರೆ ಮೈದಾಹಿಟ್ಟಿನಷ್ಟು ನುಣುಪು. ಅದರಲ್ಲಿ ಇರೋದು ಹೆಚ್ಚಾಗಿ ಕ್ವಾರ್ಟ್ಜ್, ಫೆಲ್ಡ್‌ಸ್ಪಾರ್, ಸ್ವಲ್ಪ ಅಭ್ರಕ. ಟೈಲ್ಸ್‌ನವರು ದುಡ್ಡು ಕೊಟ್ಟು ತಂದು ಅರೆಯುವುದೂ ಅದೇ ಫೆಲ್ಡ್‌ಸ್ಪಾರ್ ಅಲ್ವಾ? ಟೈಲ್ ಸುಡುವ ಕಿಲ್ನ್‌ನಲ್ಲಿ ಕರಗಿ ಮಣ್ಣನ್ನು ಬೆಸೆಯುವುದು ಅದೇ.

ಆದರೆ ಕಟಿಂಗ್ ಕೆಸರು ಬೇರೆ, ಪಾಲಿಶ್ ಕೆಸರು ಬೇರೆ. ಎರಡೂ ಬೆರೆತ ಲೋಡ್ ಸುಮ್ನೆ ಕೊಟ್ಟರೂ ಬೇಡ. ಪಾಲಿಶ್ ಮಾಡುವ ಬ್ಲಾಕ್‌ಗಳಲ್ಲಿ ಕಲ್ಲನ್ನು ಉಜ್ಜುವ ಗಟ್ಟಿ ಪುಡಿ, ಸಿಲಿಕಾನ್ ಕಾರ್ಬೈಡ್ ಇರುತ್ತದೆ, ಸವೆದದ್ದೆಲ್ಲ ಕೆಸರಿಗೇ ಸೇರುತ್ತದೆ. ನೀರು ಹೆಚ್ಚು ಕುಡಿಯದ ವಿಟ್ರಿಫೈಡ್ ಟೈಲ್ ಸುಡುವ ಸುಮಾರು 1200 ಡಿಗ್ರಿಯಲ್ಲಿ, ಒಳಗಿನ ರಂಧ್ರಗಳೆಲ್ಲ ಮುಚ್ಚಿಕೊಳ್ಳುವ ಹೊತ್ತಿಗೆ, ಈ ಕಾರ್ಬೈಡ್ ಉರಿದು ಗ್ಯಾಸ್ ಬಿಡುತ್ತದೆ. ಹೊರಗೆ ಹೋಗಲು ದಾರಿಯಿಲ್ಲ. ಟೈಲ್ ಉಬ್ಬುತ್ತದೆ, ಮುರಿದು ನೋಡಿದರೆ ಒಳಗೆಲ್ಲ ಸೆಟ್ ದೋಸೆಯ ಹಾಗೆ ತೂತು. ನಾನು ಹೀಗೆ ಒಂದು ಟ್ರೇ ಪೂರ್ತಿ ಎಸೆದಿದ್ದೇನೆ.

ಕಲ್ಲು ಯಾವುದು ಅಂತಲೂ ಕೇಳಿ. ಇಳಕಲ್ಲಿನ ಕೆಂಪು ಕಲ್ಲು ಒಳ್ಳೆಯದು. ಚಾಮರಾಜನಗರದ ‘ಬ್ಲಾಕ್ ಗ್ರಾನೈಟ್’ ನಿಜಕ್ಕೂ ಗ್ರಾನೈಟ್ ಅಲ್ಲ, ಡಾಲರೈಟ್ ಅನ್ನೋ ಬೇರೆ ಕಲ್ಲು. ಕಬ್ಬಿಣ ಜಾಸ್ತಿ, ಟೈಲ್ ಕಪ್ಪಾಗುತ್ತದೆ. ಸಾಲು ಬ್ಲೇಡ್‌ಗಳಿಂದ ಕಲ್ಲು ಕೊಯ್ಯುವ ಹಳೇ ಗ್ಯಾಂಗ್‌ಸಾ ಮಷಿನ್ ಕೆಸರಾದರೆ ಉಕ್ಕಿನ ಚೂರು, ಸುಣ್ಣ ಎರಡೂ ಇರುತ್ತವೆ. ಕೆಸರನ್ನು ತೆಳ್ಳಗೆ ಕಲಸಿ ಮ್ಯಾಗ್ನೆಟ್ ಆಡಿಸಿ. ಲ್ಯಾಬಿನ ಡೈಲ್ಯೂಟ್ ಆಸಿಡ್ ಒಂದು ಹನಿ ಹಾಕಿದಾಗ ಜೋರಾಗಿ ನೊರೆ ಬಂದರೆ ಸುಣ್ಣ ಇದೆ ಅಂತ.

ಆಮೇಲೆ ತೇವಾಂಶದ ಲೆಕ್ಕ. 1000 ಗ್ರಾಂ ಕೆಸರು ಒಣಗಿ 720 ಆದರೆ ಒಣ ತೂಕ ಹಿಡಿಯಬೇಕಾದ್ದು 720 ಮಾತ್ರ. ಒಣಗಿದ್ದನ್ನು 200 ಮೆಶ್‌ನ, ಅಂದರೆ ತುಂಬಾ ಸಣ್ಣ ಕಣ್ಣಿನ, ಜರಡಿಯಲ್ಲಿ ಜಾಲಿಸಿ, ಮಾಸ್ಕ್ ಹಾಕಿಕೊಂಡೇ. ಈ ಸಿಲಿಕಾ ಧೂಳು ಶ್ವಾಸಕೋಶ ಹಾಳು ಮಾಡುತ್ತದೆ.

ಮಿಕ್ಸ್‌ನಲ್ಲಿ 40 ಕೆಜಿ ಫೆಲ್ಡ್‌ಸ್ಪಾರ್ ಇದ್ದರೆ 10 ಕೆಜಿ ತೆಗೆದು ಅಷ್ಟೇ ಒಣ ಕೆಸರಿನ ಪುಡಿ ಹಾಕಿ, ಮುಂದಿನದಕ್ಕೆ 20. ಪುಡಿಯೇ ಇಲ್ಲದ್ದೂ ಒಂದಿರಲಿ, ಹೋಲಿಸಿ ನೋಡೋಕೆ. ತೊಟ್ಟಿಯಲ್ಲಿ ಕೆಸರು ಬೇಗ ಕೂರಲಿ ಅಂತ ಹಾಕಿದ ಕೆಮಿಕಲ್, ಗುಂಡು ಹಾಕಿ ಅರೆಯುವ ಬಾಲ್ ಮಿಲ್‌ನಲ್ಲಿ ಸ್ಲಿಪ್ಪನ್ನು, ಅಂದರೆ ನೀರಲ್ಲಿ ಅರೆದ ಮಿಕ್ಸನ್ನು, ಗಟ್ಟಿ ಮಾಡಬಹುದು. ಆಗ ನೀರು ಸುರಿಯಬೇಡಿ, ಸ್ಲಿಪ್ಪನ್ನು ತೆಳ್ಳಗೆ ಮಾಡುವ ಸೋಡಿಯಂ ಸಿಲಿಕೇಟ್ ಸ್ವಲ್ಪ ಸ್ವಲ್ಪ ಸೇರಿಸಿ.

ಪ್ರತಿ ಮಿಕ್ಸ್‌ಗೆ ಐದು ಬಿಲ್ಲೆ ಒತ್ತಿ, ಒಣಗಿಸಿ, ಸುಡಿ. ಸುಟ್ಟದ್ದನ್ನು ತೂಗಿ, ಎರಡು ಗಂಟೆ ಕುದಿಸಿ, ಅದೇ ನೀರಲ್ಲಿ ನಾಲ್ಕು ಗಂಟೆ ಆರಲು ಬಿಟ್ಟು, ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ ಮತ್ತೆ ತೂಗಿ. 200 ಗ್ರಾಂ ಇದ್ದದ್ದು 206 ಆದರೆ 3 ಪರ್ಸೆಂಟ್ ನೀರು ಕುಡಿದಿದೆ. ವಿಟ್ರಿಫೈಡ್‌ಗೆ 0.5 ದಾಟಬಾರದು, ಗೋಡೆಯ ಟೈಲ್‌ಗಾದರೆ 10ಕ್ಕಿಂತ ಜಾಸ್ತಿ ಇದ್ದರೂ ನಡೆಯುತ್ತದೆ.

ಮುಂದಿನ ಲೋಡ್ ಬಂದಾಗ ತೊಟ್ಟಿಯಲ್ಲಿ ಬೇರೆ ಕಲ್ಲಿನ ಕೆಸರಿರಬಹುದು. ಮತ್ತೆ ಐದು ಬಿಲ್ಲೆ ಸುಡಿ.