ಗಿರಿನಗರದ ತಾರಸಿಯಲ್ಲಿ ಶಾರ್ಕ್ ಸಿನಿಮಾಗಳು: ನನ್ನ ಅನುಭವ

ಶಾರ್ಕ್ ಸಿನಿಮಾವನ್ನು ಹತ್ತಾರು ಜನ ಒಟ್ಟಿಗೆ ಕೂತು, ಕತ್ತಲಲ್ಲಿ, ಒಳ್ಳೆ ಸೌಂಡ್ ಇಟ್ಟುಕೊಂಡು ನೋಡಬೇಕು. ಮೊಬೈಲಿನಲ್ಲಿ ನೋಡಿದರೆ ಅದರ ಅರ್ಧ ಜೀವ ಹೋಗಿರುತ್ತದೆ. ಬೇಸಿಗೆ ರಜೆ ಬಂತೆಂದರೆ ಶನಿವಾರ ಸಂಜೆ ಬೆಂಗಳೂರಿನ ಗಿರಿನಗರದ ನಮ್ಮ ಮನೆ ತಾರಸಿಗೆ ಅಕ್ಕಪಕ್ಕದವರನ್ನೆಲ್ಲ ಕರೆದು ಸಿನಿಮಾ ಹಾಕುವುದು ನನ್ನ ಅಭ್ಯಾಸ. ಒಂದು ಬೇಸಿಗೆ ಪೂರ್ತಿ ಶಾರ್ಕ್ ಸಿನಿಮಾಗಳನ್ನೇ ಹಾಕಿದೆ. ಯಾವುದನ್ನು ನೋಡಬೇಕು, ಯಾವುದಾದ ಮೇಲೆ ಯಾವುದು, ಹೇಗೆ ತೋರಿಸಬೇಕು ಅನ್ನುವುದು ಆಗ ನನಗೆ ಚೆನ್ನಾಗಿ ಗೊತ್ತಾಯಿತು.

ನಮ್ಮ ಊರಿಗೂ ಸಮುದ್ರಕ್ಕೂ ಬಹಳ ದೂರ, ಅಲ್ವಾ? ನಾವಿರುವುದು ಸಮುದ್ರ ಮಟ್ಟದಿಂದ 900 ಮೀಟರ್ ಮೇಲೆ. ಮಂಗಳೂರಿಗೆ ಹೋಗಬೇಕೆಂದರೆ ಸುಮಾರು 350 ಕಿಲೋಮೀಟರ್, ಅದೂ ಘಾಟಿ ಇಳಿದು. ನಮ್ಮ ಬೀದಿಯ ಎಷ್ಟೋ ಮಕ್ಕಳು ಆವತ್ತಿನವರೆಗೆ ಅಲೆಯನ್ನೇ ನೋಡಿರಲಿಲ್ಲ. ಅವರಿಗೆ ಸಮುದ್ರದ ಪರಿಚಯ ಸಿನಿಮಾದಿಂದಲೇ ಆಗಬೇಕಿತ್ತು. ಅದಕ್ಕೇ ಸಿನಿಮಾ ಆರಿಸುವಾಗ ಶಾರ್ಕ್ ಎಷ್ಟು ಉದ್ದ, ಹಲ್ಲು ಎಷ್ಟು ಅಂತ ನಾನು ನೋಡಲಿಲ್ಲ. ನೀರನ್ನು ಹೇಗೆ ತೋರಿಸಿದ್ದಾರೆ, ಅದರ ಸದ್ದು ಹೇಗಿದೆ ಅಂತ ನೋಡಿದೆ. ನೀರು ನಿಜ ಅನಿಸಿದರೆ ಶಾರ್ಕ್ ಕಾಣದಿದ್ದರೂ ಮೈ ಜುಂ ಅನ್ನುತ್ತದೆ. ನೀರು ಸುಳ್ಳು ಅನಿಸಿದರೆ ಹತ್ತು ಶಾರ್ಕ್ ಬಂದರೂ ಏನೂ ಆಗುವುದಿಲ್ಲ.

ಮೊದಲು ಸಾಮಾನಿನ ವಿಷಯ ಹೇಳಿಬಿಡುತ್ತೇನೆ. ಪ್ರೊಜೆಕ್ಟರ್ ದುಬಾರಿಯದೇ ಬೇಕಂತಿಲ್ಲ, ಆದರೆ ಸೌಂಡಿನಲ್ಲಿ ಕಂಜೂಸ್ ಮಾಡಬಾರದು. ಈ ಸಿನಿಮಾಗಳಲ್ಲಿ ಭಯ ಇರುವುದು ತಗ್ಗು ಸ್ವರದಲ್ಲಿ. ಪ್ರೊಜೆಕ್ಟರಿನ ಒಳಗೇ ಇರುವ ಪುಟ್ಟ ಸ್ಪೀಕರಿನಲ್ಲಿ ಅದು ಕೇಳಿಸುವುದೇ ಇಲ್ಲ. ಎರಡು ಸ್ಪೀಕರು, ತಗ್ಗು ಸ್ವರಕ್ಕೆಂದೇ ಇರುವ ಒಂದು ಸಬ್‌ವೂಫರ್ ಇದ್ದರೆ ಸಾಕು. ಸಬ್‌ವೂಫರನ್ನು ನೆಲದ ಮೇಲೆ, ಪ್ಯಾರಾಪೆಟ್ ಗೋಡೆಯ ಮೂಲೆಗೆ ಇಡುತ್ತೇನೆ. ಮೂಲೆಗಿಟ್ಟರೆ ಗುಂಯ್‌ಗುಡುವಿಕೆ ತಾನಾಗಿ ಜಾಸ್ತಿಯಾಗುತ್ತದೆ, ವಾಲ್ಯೂಮ್ ಏರಿಸಬೇಕಾಗಿಲ್ಲ. ಪರದೆಗೆ ಬೆಡ್‌ಶೀಟ್ ಕಟ್ಟಿದರೆ ಬೆಳಕು ಹಿಂದಕ್ಕೆ ಹಾದುಹೋಗುತ್ತದೆ. ದಪ್ಪ ಬಿಳಿ ಬ್ಲ್ಯಾಕ್‌ಔಟ್ ಬಟ್ಟೆ ತಂದು, ಕೆಳಗಿನ ಅಂಚಿಗೆ ಪಿವಿಸಿ ಪೈಪ್ ಹೊಲಿಸಿದರೆ ಗಾಳಿಗೆ ಪಟಪಟ ಅನ್ನುವುದಿಲ್ಲ. ಏಪ್ರಿಲ್‌ನಲ್ಲಿ ಏಳು ಗಂಟೆ ದಾಟಿದ ಮೇಲೇ ಸರಿಯಾಗಿ ಕತ್ತಲಾಗುವುದು. ರಾತ್ರಿ 10ರ ಮೇಲೆ ಸ್ಪೀಕರ್ ಹಾಕುವಂತಿಲ್ಲ. ಈ ಎರಡರ ನಡುವೆ ಸಿನಿಮಾ ಮುಗಿಯಬೇಕು. ಕರೆಂಟ್ ಹೋದರೆ ಇರಲಿ ಅಂತ ಮನೆ ಯುಪಿಎಸ್‌ನಿಂದ ಒಂದು ಲೈನ್ ಎಳೆದಿದ್ದೇನೆ. ಸೊಳ್ಳೆ ಬತ್ತಿ, ಚಾಪೆ, ಚುರುಮುರಿ, ಇಷ್ಟೇ ತಯಾರಿ.

ಶುರು ಮಾಡಿದ್ದು 'ಜಾಸ್' ಸಿನಿಮಾದಿಂದ. ಬೇರೆ ಯಾವುದರಿಂದಲೂ ಶುರು ಮಾಡಬೇಡಿ ಅಂತಲೇ ಹೇಳುತ್ತೇನೆ. 1975ರ ಸಿನಿಮಾ, 124 ನಿಮಿಷ. ಮಾಡಿದಾಗ ನಿರ್ದೇಶಕ ಸ್ಟೀವನ್ ಸ್ಪೀಲ್‌ಬರ್ಗ್‌ಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಸ್ಟುಡಿಯೋ ತೊಟ್ಟಿ ಬೇಡ, ನಿಜವಾದ ಸಮುದ್ರದಲ್ಲೇ ತೆಗೆಯುತ್ತೇನೆ ಅಂತ ಹಟ ಹಿಡಿದು ಅಮೆರಿಕದ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪಕ್ಕೆ ಹೋದರು. ಯಂತ್ರದ ಶಾರ್ಕ್ ಉಪ್ಪುನೀರಿಗೆ ಬಿದ್ದ ಮೇಲೆ ಪದೇಪದೇ ಕೆಟ್ಟಿತು. 55 ದಿನ ಅಂದುಕೊಂಡಿದ್ದ ಚಿತ್ರೀಕರಣ 159 ದಿನಕ್ಕೆ ಹೋಯಿತು. ಶಾರ್ಕ್ ಇಲ್ಲದೆ ಶಾರ್ಕ್ ಸಿನಿಮಾ ತೆಗೆಯುವ ಪರಿಸ್ಥಿತಿ. ಆಗ ಅವರು ಹುಡುಕಿಕೊಂಡ ದಾರಿಯೇ ಇವತ್ತಿಗೂ ಎಲ್ಲರೂ ಹಿಡಿಯುವ ದಾರಿ. ನೀರಿನ ಮಟ್ಟದಲ್ಲಿ ಕ್ಯಾಮೆರಾ, ಸಂಗೀತ ನಿರ್ದೇಶಕ ಜಾನ್ ವಿಲಿಯಮ್ಸ್ ಕೊಟ್ಟ ಎರಡೇ ಸ್ವರ, ಶಾರ್ಕಿಗೆ ಕಟ್ಟಿದ, ತೇಲುವ ಹಳದಿ ಪೀಪಾಯಿ. ಶಾರ್ಕ್ ಸರಿಯಾಗಿ ಮುಖ ತೋರಿಸುವುದು 80 ನಿಮಿಷ ದಾಟಿದ ಮೇಲೆ.

ತಾರಸಿಯಲ್ಲಿ ಇದರ ಪರಿಣಾಮ ಕಣ್ಣಾರೆ ಕಂಡೆ. ಎದುರು ಮನೆ ಹುಡುಗ ಮೊದಲ ಅರ್ಧ ಗಂಟೆ "ಅಂಕಲ್, ಶಾರ್ಕ್ ಯಾವಾಗ ಬರುತ್ತೆ?" ಅಂತ ಕೇಳುತ್ತಲೇ ಇದ್ದ. ಆಮೇಲೆ ಕೇಳುವುದನ್ನು ನಿಲ್ಲಿಸಿದ. ಚಾಪೆಯ ಅಂಚಿನಲ್ಲಿದ್ದವನು ಮೆಲ್ಲಗೆ ಸರಿದು ಅವರಮ್ಮನ ಪಕ್ಕ ಹೋಗಿ ಕೂತ. ತೆರೆಯ ಮೇಲೆ ಆಗ ಬರೀ ನೀರು ಇತ್ತು. ಬೀಚಿನಲ್ಲಿ ಶಾರ್ಕ್ ಬಾಯಿಗೆ ಸಿಕ್ಕಿ ಮಗು ಸತ್ತ ಮೇಲೆ ಕಪ್ಪು ಬಟ್ಟೆ ಹಾಕಿಕೊಂಡ ತಾಯಿ ಬಂದು ಪೊಲೀಸ್ ಮುಖ್ಯಸ್ಥನ ಕೆನ್ನೆಗೆ ಹೊಡೆಯುತ್ತಾಳೆ. ಗೊತ್ತಿದ್ದೂ ಯಾಕೆ ಬೀಚ್ ಮುಚ್ಚಿಸಲಿಲ್ಲ ಅಂತ ಅವಳ ಪ್ರಶ್ನೆ. ಮೇಲಿನ ಮನೆ ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ. ಆದರೂ ಅಜ್ಜಿ "ಹೊಡೀಲಿ ಬಿಡು, ಅವಳ ಹೊಟ್ಟೆ ಉರಿ ಅವಳಿಗೇ ಗೊತ್ತು" ಅಂದರು. ಸೀಸನ್ ವ್ಯಾಪಾರ ಹಾಳಾಗುತ್ತೆ ಅಂತ ಬೀಚ್ ತೆರೆದಿಡುವ ಮೇಯರ್‌ನ ಪಾತ್ರವನ್ನು ಯಾರಿಗೂ ವಿವರಿಸಬೇಕಾಗಲಿಲ್ಲ.

ನನಗೆ ಈ ಸಿನಿಮಾದಲ್ಲಿ ತುಂಬ ಇಷ್ಟವಾದದ್ದು ಅದಾದ ಮೇಲಿನ ಊಟದ ಮೇಜಿನ ಸೀನ್. ಪೊಲೀಸಿನವನು ಕುಗ್ಗಿ ಕೂತಿದ್ದಾನೆ. ಪಕ್ಕದಲ್ಲಿ ಪುಟ್ಟ ಮಗ. ಅಪ್ಪ ಲೋಟ ಎತ್ತಿ ಕುಡಿದರೆ ಮಗನೂ ಕುಡಿಯುತ್ತಾನೆ. ಅಪ್ಪ ಬೆರಳು ಹೆಣೆದು ಮುಖಕ್ಕೆ ಒತ್ತಿಕೊಂಡರೆ ಮಗನೂ ಹಾಗೇ ಮಾಡುತ್ತಾನೆ. ಅಪ್ಪ ಅದನ್ನು ಗಮನಿಸಿ ಮುಖ ಕಿವುಚುತ್ತಾನೆ, ಮಗನೂ ಕಿವುಚುತ್ತಾನೆ. ಶಾರ್ಕ್ ಇಲ್ಲ, ನೀರಿಲ್ಲ, ಮಾತೂ ಹೆಚ್ಚಿಲ್ಲ. ಆದರೆ ಇದೊಂದು ಸೀನ್ ಇಲ್ಲದಿದ್ದರೆ ಕೊನೆಯ ಭಾಗದಲ್ಲಿ ಆ ಮನುಷ್ಯ ಶಾರ್ಕ್ ಬೇಟೆಗೆ ದೋಣಿ ಹತ್ತಿದಾಗ ನಮ್ಮ ಎದೆ ಅಷ್ಟು ಹೊಡೆದುಕೊಳ್ಳುತ್ತಿರಲಿಲ್ಲ. ಆಮೇಲೆ ಬಂದ ಹೆಚ್ಚಿನ ಶಾರ್ಕ್ ಸಿನಿಮಾಗಳು ಕಲಿಯದೇ ಬಿಟ್ಟದ್ದು ಇದನ್ನೇ.

ಒಂದು ಕೆಲಸ ಮಾತ್ರ ಮೊದಲೇ ಮಾಡಿಕೊಳ್ಳಿ. ದೋಣಿಯಲ್ಲಿ ಕ್ವಿಂಟ್ ಅನ್ನುವ ಶಾರ್ಕ್ ಬೇಟೆಗಾರ ರಾತ್ರಿ ತಾನು ಬದುಕಿಬಂದ ಒಂದು ಹಡಗಿನ ಕಥೆ ಹೇಳುತ್ತಾನೆ. ಅದು ಪೂರ್ತಿ ಮಾತಿನ ಸೀನ್, ಸಬ್‌ಟೈಟಲ್ ಓದಿದರೂ ಹಿನ್ನೆಲೆ ಗೊತ್ತಿಲ್ಲದಿದ್ದರೆ ತಾಕುವುದಿಲ್ಲ. ನಾನು ಸಿನಿಮಾ ಹಾಕುವ ಮುಂಚೆ ಎರಡು ನಿಮಿಷ ಕನ್ನಡದಲ್ಲಿ ಹೇಳಿದೆ. ಇಂಡಿಯಾನಾಪೊಲಿಸ್ ಅನ್ನುವ ಅಮೆರಿಕದ ಯುದ್ಧ ಹಡಗು ಹಿರೋಷಿಮಾ ಬಾಂಬಿನ ಭಾಗಗಳನ್ನು ತಲುಪಿಸಿ ಮುಂದೆ ಹೊರಟಿತ್ತು. 1945ರ ಜುಲೈ 30ರಂದು ಜಪಾನಿನ ಜಲಾಂತರ್ಗಾಮಿ ಅದನ್ನು ಹೊಡೆದು ಮುಳುಗಿಸಿತು. ಹಡಗಿನಲ್ಲಿದ್ದವರು ಸುಮಾರು 1,200 ಜನ, ಬದುಕಿದ್ದು 316. ಎಷ್ಟೋ ಮಂದಿ ದಿನಗಟ್ಟಲೆ ನೀರಿನಲ್ಲಿ ತೇಲುತ್ತಾ ಬಾಯಾರಿಕೆ, ಗಾಯ, ಶಾರ್ಕ್‌ಗಳಿಗೆ ಬಲಿಯಾದರು. ಇಷ್ಟು ತಿಳಿದುಕೊಂಡು ಕೂತವರು ಆ ಸೀನಿನಲ್ಲಿ ಚುರುಮುರಿ ಪೊಟ್ಟಣಕ್ಕೂ ಕೈ ಹಾಕಲಿಲ್ಲ.

ನೀರಿನೊಳಗೆ ಮುರಿದ ದೋಣಿಯಿಂದ ಸತ್ತ ಮೀನುಗಾರನ ತಲೆ ಹೊರಬರುವ ಸೀನ್ ಗೊತ್ತಲ್ಲ? ಪ್ರೇಕ್ಷಕರು ಇನ್ನೊಂದು ಸಲ ಕಿರುಚಬೇಕು ಅಂತ ಅದನ್ನು ಕೊನೆಯಲ್ಲಿ ಸೇರಿಸಿದ್ದು. ಸಂಕಲನಕಾರ್ತಿ ವರ್ನಾ ಫೀಲ್ಡ್ಸ್ ಅವರ ಮನೆ ಈಜುಕೊಳದಲ್ಲಿ, ನೀರು ಕದಡಿದ ಹಾಗೆ ಕಾಣಲಿ ಅಂತ ಹಾಲು ಸುರಿದು ತೆಗೆದರಂತೆ. ಸಿನಿಮಾ ಮುಗಿದ ಮೇಲೆ ಇದನ್ನು ಮಕ್ಕಳಿಗೆ ಹೇಳಿ. ಭಯ ಇಳಿಯುತ್ತದೆ, ಸಿನಿಮಾ ಮಾಡುವ ಆಸೆಯೂ ಹುಟ್ಟುತ್ತದೆ. ಆ ವರ್ಷ ಸಂಕಲನ, ಸಂಗೀತ, ಧ್ವನಿ ಮೂರಕ್ಕೂ ಆಸ್ಕರ್ ಬಂತು. ಇದರ ಮುಂದಿನ ಭಾಗಗಳ ಗೋಜಿಗೆ ಹೋಗಬೇಡಿ. ಎರಡನೆಯದು ಪರವಾಗಿಲ್ಲ, 1983 ಮತ್ತು 1987ರವು ಬೇಡವೇ ಬೇಡ.

ಎರಡನೇ ವಾರಕ್ಕೆ ಜೋರಾಗಿರುವ ಸಿನಿಮಾ ಇರಲಿ ಅಂತ 1999ರ 'ಡೀಪ್ ಬ್ಲೂ ಸೀ' ಹಾಕಿದೆ. ಸಮುದ್ರದ ಮಧ್ಯೆ ಪ್ರಯೋಗಾಲಯ, ಮಿದುಳು ಬೆಳೆಸಿದ ಮೇಕೊ ಶಾರ್ಕ್‌ಗಳು, ಒಳಗೆ ನುಗ್ಗುವ ನೀರು. ಕಂಪ್ಯೂಟರಿನಲ್ಲಿ ಮಾಡಿದ ಶಾರ್ಕ್‌ಗಳು ಈಗ ಹಳತೆನಿಸುತ್ತವೆ. ಆದರೂ ಸ್ಯಾಮ್ಯುಯೆಲ್ ಜಾಕ್ಸನ್ ಎಲ್ಲರಿಗೂ ಧೈರ್ಯ ಹೇಳುತ್ತಾ ಭಾಷಣ ಮಾಡುವ ಸೀನಿಗಾಗಿಯಾದರೂ ನೋಡಬೇಕು. ಅದಕ್ಕಿಂತ ಹೆಚ್ಚು ಹೇಳುವುದಿಲ್ಲ. ನೋಡಿದವರು ಯಾರಾದರೂ ಪಕ್ಕದಲ್ಲಿದ್ದರೆ ಬಾಯಿ ಬಿಡದಂತೆ ಮೊದಲೇ ಹೇಳಿಡಿ.

2016ರ 'ದಿ ಶಾಲೋಸ್' ನಮ್ಮ ತಾರಸಿಗೆ ಹೇಳಿ ಮಾಡಿಸಿದ ಹಾಗಿತ್ತು. 86 ನಿಮಿಷ, ಹೆಚ್ಚು ಕಡಿಮೆ ಒಬ್ಬಳೇ ಪಾತ್ರಧಾರಿ, ಒಂದು ಬಂಡೆ, ರೆಕ್ಕೆಗೆ ಪೆಟ್ಟಾದ ಒಂದು ಹಕ್ಕಿ. ಮೆಡಿಕಲ್ ಓದಿದ ಹುಡುಗಿ ತನ್ನ ಒಡವೆಯಿಂದಲೇ ಕಾಲಿನ ಗಾಯ ಹೊಲಿದುಕೊಳ್ಳುತ್ತಾಳೆ. ಉಬ್ಬರ ಬಂದರೆ ಬಂಡೆ ಮುಳುಗುತ್ತದೆ, ಅಷ್ಟರೊಳಗೆ ಅವಳು ಏನಾದರೂ ಮಾಡಬೇಕು. ಇಲ್ಲಿ ನಮ್ಮ ಮಕ್ಕಳು ಸಿಕ್ಕಿಹಾಕಿಕೊಂಡರು. "ನೀರು ಯಾಕೆ ತಾನಾಗಿ ಮೇಲೆ ಬರುತ್ತೆ?" ಕೆರೆಯ ನೀರು ಹಾಗೆ ಬರುವುದಿಲ್ಲವಲ್ಲ! ಸಿನಿಮಾ ನಿಲ್ಲಿಸಿ ಮೇಲೆ ಕಾಣುತ್ತಿದ್ದ ಚಂದ್ರನನ್ನು ತೋರಿಸಿದೆ. ಚಂದ್ರನ ಸೆಳೆತಕ್ಕೆ ಸಮುದ್ರ ಉಬ್ಬುತ್ತದೆ, ಹೆಚ್ಚಿನ ಕಡೆ ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ, ಹುಣ್ಣಿಮೆ ಅಮಾವಾಸ್ಯೆಗೆ ಜಾಸ್ತಿ. ಮತ್ತೆ ಸಿನಿಮಾ ಶುರುವಾದಾಗ ಎಲ್ಲರ ಕಣ್ಣೂ ಬಂಡೆಯ ಅಂಚಿನ ಮೇಲೆ. ಸಿನಿಮಾದ ಕೊನೆ ಸ್ವಲ್ಪ ಅತಿಯಾಯಿತು ಅಂತ ನನ್ನ ಅಭಿಪ್ರಾಯ. ಅಲ್ಲಿಯ ತನಕ ಒಂದು ನಿಮಿಷವೂ ವ್ಯರ್ಥವಿಲ್ಲ.

'47 ಮೀಟರ್ಸ್ ಡೌನ್' ಪಂಜರ ಸಮೇತ ಸಮುದ್ರದ ತಳಕ್ಕೆ ಬಿದ್ದ ಅಕ್ಕತಂಗಿಯರ ಕಥೆ. ಅದನ್ನು ನೋಡುವಾಗ ಮುರುಡೇಶ್ವರದ ಹತ್ತಿರ ನೇತ್ರಾಣಿಯಲ್ಲಿ ಸ್ಕೂಬಾ ಮಾಡಿಬಂದ ಹುಡುಗನೊಬ್ಬ ಜೊತೆಗಿದ್ದ. ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು, ಅಂದರೆ ನೆಲದ ಮೇಲೆ ಗಾಳಿ ನಮ್ಮನ್ನು ಒತ್ತುವಷ್ಟು, ಒತ್ತಡ ಹೆಚ್ಚುತ್ತದೆ, 47 ಮೀಟರಿನಲ್ಲಿ ಉಸಿರಾಡಿದರೆ ಸಿಲಿಂಡರ್ ಮೇಲಿಗಿಂತ ಐದಾರು ಪಟ್ಟು ಬೇಗ ಖಾಲಿ ಅಂತ ಅವನು ವಿವರಿಸಿದ. ಆ ಲೆಕ್ಕ ಗೊತ್ತಾದ ಮೇಲೆ ಶಾರ್ಕ್‌ಗಿಂತ ಸಿಲಿಂಡರಿನಲ್ಲಿ ಗಾಳಿ ಎಷ್ಟು ಉಳಿದಿದೆ ಅಂತ ತೋರಿಸುವ ಏರ್ ಗೇಜ್ ಮುಳ್ಳೇ ಹೆಚ್ಚು ಹೆದರಿಸಿತು.

'ಓಪನ್ ವಾಟರ್' ಅನ್ನು ದೊಡ್ಡವರಿಗೆ ಮಾತ್ರ ಹಾಕಿದೆ. 2003ರ ಸಿನಿಮಾ, 79 ನಿಮಿಷ. ಗಂಡ ಹೆಂಡತಿ ಇಬ್ಬರೇ ಸೇರಿ, ವಾರಾಂತ್ಯಗಳಲ್ಲಿ, ಡಿಜಿಟಲ್ ವಿಡಿಯೋ ಕ್ಯಾಮೆರಾದಲ್ಲಿ ತೆಗೆದದ್ದು. ಶಾರ್ಕ್‌ಗಳು ನಿಜವಾದವು. ಡೈವಿಂಗಿಗೆ ಬಂದ ಜೋಡಿಯೊಂದು ನೀರಿನಲ್ಲಿರುವಾಗಲೇ ದೋಣಿಯವರು ತಲೆ ಎಣಿಸುವುದರಲ್ಲಿ ತಪ್ಪಿ ಹೊರಟುಬಿಡುತ್ತಾರೆ. ಧರ್ಮಸ್ಥಳ ಟ್ರಿಪ್ಪಿನ ಬಸ್ಸಿನಲ್ಲಿ ಎಣಿಕೆ ತಪ್ಪಿದ ಹಾಗೆ, ಆದರೆ ಇಲ್ಲಿ ಸುತ್ತ ಬರೀ ನೀರು. 1998ರಲ್ಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಅಮೆರಿಕದ ದಂಪತಿಯೊಬ್ಬರನ್ನು ಹೀಗೇ ಬಿಟ್ಟು ಬಂದಿದ್ದರು, ಅವರು ಸಿಗಲೇ ಇಲ್ಲ. ಆ ಘಟನೆಯಿಂದ ಹುಟ್ಟಿದ ಕಥೆ ಇದು. ಚಿತ್ರ ಅಷ್ಟೇನೂ ನುಣುಪಾಗಿಲ್ಲ, ಯಾರದೋ ಟೂರ್ ವಿಡಿಯೋ ಅನಿಸುತ್ತದೆ. ಅದೇ ಇದರ ಬಲ. ನೀರಿನಲ್ಲಿ ತೇಲುತ್ತಲೇ ಗಂಡ ಹೆಂಡತಿ ಯಾರಿಂದ ಹೀಗಾಯಿತು ಅಂತ ಜಗಳ ಆಡುತ್ತಾರೆ. ನಮ್ಮಲ್ಲಿ ಮದುವೆಯಾದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. 'ಜಾಸ್' ಬಿಟ್ಟರೆ ಈ ಪಟ್ಟಿಯಲ್ಲಿ ನನ್ನ ಆಯ್ಕೆ ಇದೇ. ಇದು ಹಿಡಿಸಿದರೆ 2010ರ ಆಸ್ಟ್ರೇಲಿಯಾದ 'ದಿ ರೀಫ್' ಕೂಡ ನೋಡಿ.

ಚಿಕ್ಕವರಿಗೆ ಬೇಸರ ಆಗಬಾರದೆಂದು ಒಂದು ಸಂಜೆ 'ದಿ ಮೆಗ್' ಹಾಕಿದ್ದೂ ಉಂಟು. ಸುಮಾರು 36 ಲಕ್ಷ ವರ್ಷದ ಹಿಂದೆಯೇ ಅಳಿದುಹೋದ ಮೆಗಲೊಡಾನ್ ಅನ್ನುವ ದೈತ್ಯ ಶಾರ್ಕ್ ಮತ್ತೆ ಬಂದರೆ ಅನ್ನುವ ಕಥೆ. ಮಕ್ಕಳಿಗೆ ಖುಷಿ. ಅಷ್ಟು ಸಾಕು.

ಇಷ್ಟೆಲ್ಲ ನೋಡಿದ ಮೇಲೆ ಮಕ್ಕಳ ತಲೆಯಲ್ಲಿ ಶಾರ್ಕ್ ಅಂದರೆ ರಾಕ್ಷಸ ಅಂತ ಕೂರುವುದು ನನಗೆ ಬೇಡವಾಗಿತ್ತು. ಜಗತ್ತಿನಲ್ಲೆಲ್ಲ ಸೇರಿ ವರ್ಷಕ್ಕೆ ಶಾರ್ಕ್ ಕಚ್ಚಿ ಸಾಯುವವರು ಸರಾಸರಿ ಹತ್ತು ಮಂದಿಯೂ ಇಲ್ಲ. ಮನುಷ್ಯರು ಕೊಲ್ಲುವ ಶಾರ್ಕ್‌ಗಳು ಕೋಟಿಗಟ್ಟಲೆ. 'ಜಾಸ್' ಕಾದಂಬರಿ ಬರೆದ ಪೀಟರ್ ಬೆಂಚ್ಲಿಯವರೇ ಆಮೇಲೆ ಸಮುದ್ರ ಮತ್ತು ಶಾರ್ಕ್ ಉಳಿಸುವ ಕೆಲಸದಲ್ಲಿ ತೊಡಗಿದರು. ಹಾಗಾಗಿ ಕೊನೆಯ ಶನಿವಾರ ಮೈಕ್ ಪಾಂಡೆಯವರ 'ಶೋರ್ಸ್ ಆಫ್ ಸೈಲೆನ್ಸ್' ತೋರಿಸಿದೆ. 2000ದ ಸಾಕ್ಷ್ಯಚಿತ್ರ, ಚಿಕ್ಕದು. ಗುಜರಾತ್ ಕರಾವಳಿಯಲ್ಲಿ ತಿಮಿಂಗಿಲ ಶಾರ್ಕ್‌ಗಳನ್ನು ಹೇಗೆ ಕೊಲ್ಲುತ್ತಿದ್ದರು ಅನ್ನುವುದನ್ನು ಇದ್ದದ್ದು ಇದ್ದ ಹಾಗೆ ತೋರಿಸುತ್ತದೆ. ಮೀನುಗಳಲ್ಲೇ ಅತಿ ದೊಡ್ಡದು, ತಿನ್ನುವುದು ಮಾತ್ರ ಪ್ಲವಕ (ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳು), ಸಣ್ಣ ಮೀನು. ಈ ಚಿತ್ರ ಬಂದ ಮರುವರ್ಷ, 2001ರಲ್ಲಿ, ವನ್ಯಜೀವಿ ಕಾಯ್ದೆಯಡಿ ಅದಕ್ಕೆ ರಕ್ಷಣೆ ಸಿಕ್ಕಿತು. ಆಮೇಲೆ ರಾಮಕಥೆ ಹೇಳುವ ಮೊರಾರಿ ಬಾಪು ಅವರು ಇದು ಹೆರಿಗೆಗೆ ತವರಿಗೆ ಬರುವ ಮಗಳು, ಕೊಲ್ಲಬೇಡಿ ಅಂತ ಮೀನುಗಾರರನ್ನು ಕೇಳಿಕೊಂಡರು. ಅದೇ ಮೀನುಗಾರರು ಬಲೆ ಕತ್ತರಿಸಿ ಅದನ್ನು ಬಿಟ್ಟು ಕಳಿಸಲು ಶುರು ಮಾಡಿದರು. ಇದನ್ನು ಹೇಳಿದಾಗ ಮಂಗಳೂರು ಕಡೆಯ ಆಂಟಿಯೊಬ್ಬರು, "ನಾವು ಮರಿ ಶಾರ್ಕ್ ಪುಳಿಮುಂಚಿ ಮಾಡ್ತೇವಲ್ಲ, ಅದೂ ಕಡಿಮೆ ಆಗ್ತಾ ಉಂಟಾ?" ಅಂತ ಕೇಳಿದರು. ಆ ಮಾತು ಹಿಡಿದು ನಡೆದ ಚರ್ಚೆ ಸಿನಿಮಾಗಿಂತ ಉದ್ದವಾಯಿತು.

ಮುಂದಿನ ಬೇಸಿಗೆಗೆ 1971ರ 'ಬ್ಲೂ ವಾಟರ್, ವೈಟ್ ಡೆತ್' ಹುಡುಕುತ್ತಿದ್ದೇನೆ. ದೊಡ್ಡ ಬಿಳಿ ಶಾರ್ಕನ್ನು ನೀರಿನೊಳಗೆ ಚಿತ್ರಿಸಲು ಹೊರಟವರ ಸಾಕ್ಷ್ಯಚಿತ್ರ ಅದು. ಅದರಲ್ಲಿದ್ದ ರಾನ್ ಮತ್ತು ವ್ಯಾಲರಿ ಟೇಲರ್ ದಂಪತಿಯೇ ಆಮೇಲೆ 'ಜಾಸ್'ಗಾಗಿ ದಕ್ಷಿಣ ಆಸ್ಟ್ರೇಲಿಯಾದಲ್ಲಿ ನಿಜವಾದ ಶಾರ್ಕ್‌ಗಳನ್ನು ಚಿತ್ರಿಸಿಕೊಟ್ಟರು. ವ್ಯಾಲರಿಯವರ ಮೇಲೆ 2021ರಲ್ಲಿ 'ಪ್ಲೇಯಿಂಗ್ ವಿತ್ ಶಾರ್ಕ್ಸ್' ಅನ್ನುವ ಸಾಕ್ಷ್ಯಚಿತ್ರವೂ ಬಂದಿದೆ. ಎರಡನ್ನೂ ಒಂದರ ಹಿಂದೊಂದು ಶನಿವಾರ ಹಾಕುವ ಯೋಚನೆ ಇದೆ.